ಗೂಡಿನ ಮೂಟೆ ಹೊತ್ತ ಯೆಜ್ಡಿ

ಜಾವಾ, ಯೆಜ್ಡಿ ಬೈಕುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಶುರುಮಾಡಿ ಕಾಲೇಜು ಹುಡುಗರ ಶೋಕಿಯಲ್ಲಿ ಮುಗಿಸುತ್ತಾರೆ. ನಮ್ಮ ಶಿಡ್ಲಘಟ್ಟದ ಸೀಮೆಯಲ್ಲಿ ಆ ಗಾಡಿಗೆ ಬೇರೆಯದೇ ಚರಿತ್ರೆ ಇದೆ. ಇಲ್ಲಿ ಅದು ದುಡಿಯುವ ಗಾಡಿ. ರೇಷ್ಮೆಯ ಗಾಡಿ.

ಕಾರ್ಖಾನೆಯ ಕತೆ ಎಲ್ಲರಿಗೂ ಗೊತ್ತಿರುವುದೇ. ಇರಾನಿ ಮನೆತನದವರು ಕಟ್ಟಿದ ಐಡಿಯಲ್ ಜಾವಾ ಕಂಪನಿಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. ಮೊದಲು ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ, 1973ರಿಂದ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್. 250 ಸಿಸಿ, ಒಂದೇ ಸಿಲಿಂಡರು, ಎರಡು ಸೈಲೆನ್ಸರು.

ನಮ್ಮ ಮನೆಗೆ ಬಂದದ್ದು ರೋಡ್‌ಕಿಂಗ್. ಅಣ್ಣನ ಗಾಡಿ. ಅದು ಯಾಕೆ ಬೇಕಾಯಿತು ಎಂಬುದು ಹುಳು ಸಾಕಿದವರಿಗೆ ಮಾತ್ರ ಸರಿಯಾಗಿ ಅರ್ಥವಾದೀತು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ ಹಗಲು ರಾತ್ರಿ ಸೊಪ್ಪು ಕೊಡಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಿಸುವ ಚಂದ್ರಿಕೆ ತಟ್ಟೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ, ಐದಾರನೇ ದಿನಕ್ಕೆ ಗೂಡು ಬಿಡಿಸಬೇಕು. ಅಲ್ಲಿಂದಾಚೆಗೆ ಪ್ರತಿ ದಿನವೂ ನಷ್ಟವೇ. ತೇವ ಆರಿದಷ್ಟೂ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ತೂತುಬಿದ್ದ ಗೂಡಿನಿಂದ ಎಳೆ ಬಿಚ್ಚಲು ಆಗುವುದಿಲ್ಲ. 1959ರ ರೇಷ್ಮೆ ಕಾಯ್ದೆಯ ಪ್ರಕಾರ ಗೂಡನ್ನು ಸರ್ಕಾರಿ ಮಾರುಕಟ್ಟೆಗೇ ತರಬೇಕಿತ್ತು. ಹರಾಜು ಶುರುವಾಗುವ ಹೊತ್ತಿಗೆ ಲಾಟ್ ಅಲ್ಲಿರದಿದ್ದರೆ ನೂಲು ಬಿಚ್ಚುವ ರೀಲರುಗಳು ಬೇರೆ ಗೂಡು ಕೊಂಡು ಹೊರಟುಬಿಡುತ್ತಿದ್ದರು. ಬಸ್ಸಿನ ಟಾಪಿಗೆ ಮೂಟೆ ಏರಿಸಿ ಕಾಯುತ್ತಿದ್ದ ರೈತನಿಗೆ ಹಿಂದಿನ ಸೀಟಿನಲ್ಲಿ ಮೂಟೆ ಬಿಗಿದುಕೊಂಡು ನಸುಕಿನಲ್ಲೇ ಹೊರಡುವ ಗಾಡಿ ಸಿಕ್ಕಿದ್ದು ಸಣ್ಣ ಬದಲಾವಣೆಯಲ್ಲ.

ಆದರೆ ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಅದರಲ್ಲಿ ಪೆಟ್ರೋಲಿನ ಜೊತೆ ಆಯಿಲ್ಲೂ ಸುಡುತ್ತದೆ. ಬಂಕಿನಲ್ಲಿ ಲೀಟರಿಗೆ 30-40 ಮಿಲಿ ಅಳೆದು ಹಾಕಿಸಿ, ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ಬೆರೆಸುತ್ತಿದ್ದೆವು. ಹೊಗೆ ದಟ್ಟವಾಗಿ ಬರುತ್ತಿತ್ತು. ಹುಳುವಿಗೆ ಹೊಗೆ ಆಗದು ಎಂದು ಅಪ್ಪ ಹುಳುಮನೆಯ ಹತ್ತಿರ ಗಾಡಿ ಚಾಲು ಮಾಡಲು ಬಿಡುತ್ತಲೇ ಇರಲಿಲ್ಲ. “ಇಲ್ಲಿ ಕಿಕ್ ಹೊಡೀಬೇಡ ಕಣೋ, ರಸ್ತೆಗೆ ತಳ್ಕೊಂಡು ಹೋಗು” ಎನ್ನುತ್ತಿದ್ದರು. ಮೂಟೆ ಬಿಗಿದ ಗಾಡಿಯನ್ನು ಅಣ್ಣ ಮುಂದಿನಿಂದ ಹಿಡಿದು, ನಾನು ಹಿಂದಿನಿಂದ ತಳ್ಳಿ, ರಸ್ತೆ ಮುಟ್ಟಿಸುತ್ತಿದ್ದೆವು. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಅಣ್ಣ ಒಂದು ಸಲ ತುಳಿದರೆ ಊರೇ ಏಳುವಂಥ ಸದ್ದು.

ಯೆಜ್ಡಿಯ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯ ರಂಧ್ರಗಳನ್ನು ಪಿಸ್ಟನ್ನೇ ಮುಚ್ಚುತ್ತದೆ, ತೆರೆಯುತ್ತದೆ. ಹಾಗಾಗಿ ಚಿಂತಾಮಣಿ, ಗೌರಿಬಿದನೂರಿನಂಥ ಊರಿನ ಸಣ್ಣ ಗ್ಯಾರೇಜಿನಲ್ಲೂ ನಾಲ್ಕು ಸ್ಪ್ಯಾನರ್ ಇದ್ದರೆ ಹೆಡ್ ಬಿಚ್ಚಬಹುದಿತ್ತು. “ಪಾಯಿಂಟ್ ನೋಡು ಭಾಯ್” ಎಂದರೆ ಮೆಕ್ಯಾನಿಕ್ ಕವರ್ ತೆಗೆದು, ಪಾಯಿಂಟನ್ನು ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಸಂದು ಕೂರಿಸಿ, ಪ್ಲಗ್ಗಿನ ಕರಿ ಕೆರೆದು, ಟೀ ಮುಗಿಯುವುದರೊಳಗೆ ಗಾಡಿ ಕೊಡುತ್ತಿದ್ದರು. ಕಾರ್ಬನ್ ಕಟ್ಟಿ ಎಳೆತ ಸತ್ತರೆ ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಿಡಿದು ಸುಡುತ್ತಿದ್ದರು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕಿತ್ತು. ಕಾರ್ಖಾನೆ ಉದ್ಘಾಟಿಸಿದ ಒಡೆಯರ ಹೆಸರೇ ಆ ರಸ್ತೆಗೂ ಇದೆ.

ನಂದಿ ಬೆಟ್ಟ ಹತ್ತುವುದು ಈ ಗಾಡಿಗೆ ಕಷ್ಟವಲ್ಲ, ಇಳಿಯುವುದೇ ಪಾಠ. ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪೆಟ್ರೋಲ್ ತೀರಾ ಕಡಿಮೆಯಾಗುತ್ತದೆ. ಆಯಿಲ್ ಅದರಲ್ಲೇ ಬೆರೆತಿರುವುದರಿಂದ ಅದೂ ಕಡಿಮೆಯಾಗುತ್ತದೆ, ಪಿಸ್ಟನ್ ಒಣಗಿ ಸೀಜ್ ಆಗಬಹುದು. ತಿರುವಿಗೊಮ್ಮೆ ಕ್ಲಚ್ ಹಿಡಿದು ರೇಸ್ ಕೊಟ್ಟು ಇಳಿಯಬೇಕು. ಅಣ್ಣನಿಗೆ ಇದನ್ನು ಕಲಿಸಿದ್ದು ಚಿಕ್ಕಬಳ್ಳಾಪುರದ ಒಬ್ಬ ಹಳೇ ಸವಾರರು.

1985ರಲ್ಲಿ ಯಮಾಹಾ ಆರ್‌ಎಕ್ಸ್ 100 ಬಂತು. ಅದೂ ಟೂ ಸ್ಟ್ರೋಕೇ, ಆದರೆ ಬಲು ಹಗುರ. ಹುಡುಗರು ಅತ್ತ ಹೋದರು. ಅದೇ ವರ್ಷ ಬಂದ ಫೋರ್ ಸ್ಟ್ರೋಕ್ ಹೀರೋ ಹೋಂಡಾದ ಮೈಲೇಜ್ ಕಂಡು ರೈತರೂ ಯೆಜ್ಡಿ ಬಿಟ್ಟರು. 1996ರಲ್ಲಿ ಹೊಗೆಯ ನಿಯಮ ಬಿಗಿಯಾಯಿತು, ಮೈಸೂರಿನ ಕಾರ್ಖಾನೆಯೂ ಅದೇ ವರ್ಷ ನಿಂತಿತು. ಈಗ ಅದೇ ಹೆಸರಿನಲ್ಲಿ ಬಂದಿರುವ ಗಾಡಿಗಳು ಚೆನ್ನಾಗಿವೆ, ಆದರೆ ಅವು ಫೋರ್ ಸ್ಟ್ರೋಕ್. ನನ್ನ ಮಟ್ಟಿಗೆ ಅವು ಬೇರೆ ಗಾಡಿಗಳು.

ನಮ್ಮ ತಾಲ್ಲೂಕುಗಳ ಎಷ್ಟೋ ಕೊಟ್ಟಿಗೆಗಳಲ್ಲಿ ಹಳೇ ಯೆಜ್ಡಿಗಳು ಇನ್ನೂ ನಿಂತಿವೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವ ಮೊದಲು ನಾವೆಲ್ಲ ಕೋಲಾರಕ್ಕೇ ಸೇರಿದ್ದೆವು, ಅವುಗಳ ಆರ್‌ಸಿ ಪುಸ್ತಕದ ಮೇಲೂ ಕೋಲಾರದ ಮೊಹರೇ ಇರುತ್ತದೆ. ದಯವಿಟ್ಟು ಆ ಗಾಡಿಗಳನ್ನು ಗುಜರಿಗೆ ಹಾಕಬೇಡಿ. ಮಾರಲೇಬೇಕಾದರೆ, ಅದಕ್ಕೆ ಮೊದಲು ಆ ಗಾಡಿ ಯಾವ ಬೆಳೆಯ ದುಡ್ಡಿನಲ್ಲಿ ಬಂತು, ಏನೇನು ಹೊತ್ತಿತು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.