ದಾನದ ಎಮ್ಮೆಗೂ ಹಲ್ಲು ಎಣಿಸಬೇಕು

1/5
ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರಲ್ವಾ? ಮಾತ್ರೆ ವಿಷಯದಲ್ಲಿ ಎಣಿಸದೇ ಇದ್ದಿದ್ದಕ್ಕೆ ಎರಡು ದೇಶಗಳು ಎಷ್ಟು ಬೆಲೆ ಕೊಟ್ಟವು ಅಂತ ಗೊತ್ತಾ? ಸ್ವೈಪ್ ಮಾಡ್ತಾ ಓದಿ.

2/5
1988ರ ಡಿಸೆಂಬರ್. ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಅರ್ಮೇನಿಯಾದಲ್ಲಿ ಭೀಕರ ಭೂಕಂಪ. ಪ್ರಪಂಚದ ಎಲ್ಲ ಕಡೆಯಿಂದ ಸುಮಾರು 5,000 ಟನ್ ಔಷಧಿ, ವೈದ್ಯಕೀಯ ಸಾಮಗ್ರಿ ಬಂತು. ಏನೇನು ಬಂದಿದೆ ಅಂತ ತಿಳಿಯೋಕೇ 50 ಜನಕ್ಕೆ 6 ತಿಂಗಳು ಹಿಡೀತು! ಕೆಲವುದರ ಅವಧಿ ಮುಗಿದಿತ್ತು, ಕೆಲವು ಚಳಿಗೆ ಹಾಳಾಗಿದ್ದವು. ಎಷ್ಟೋ ಡಬ್ಬಗಳ ಮೇಲಿನ ಭಾಷೆಯೇ ಅಲ್ಲಿನ ವೈದ್ಯರಿಗೆ ಅರ್ಥ ಆಗ್ತಿರಲಿಲ್ಲ.

3/5
ಪಾಠ ಕಲಿತರಾ? ಇಲ್ಲ. 1992ರಿಂದ 1996ರವರೆಗೆ ಯುದ್ಧದಲ್ಲಿ ಬೆಂದ ಬೋಸ್ನಿಯಾಗೆ ಬಂದ ಔಷಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದ್ದು ಅಂತ ಅಂದಾಜು. ಕೊನೆಗೆ ಗೋದಾಮುಗಳಲ್ಲಿ ಉಳಿದದ್ದು ಸುಮಾರು 17,000 ಟನ್. ವಿಲೇವಾರಿ ಖರ್ಚು? ಅಂದಾಜು 3.4 ಕೋಟಿ ಡಾಲರ್. ಅಂದ್ರೆ ಟನ್‌ಗೆ 2,000 ಡಾಲರ್. ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಕೊಟ್ಟವರ ಲೆಕ್ಕದಲ್ಲಿ ಅದು ದಾನ, ಪಡೆದವರ ಲೆಕ್ಕದಲ್ಲಿ ಲಯಬಿಲಿಟಿ. ತಮ್ಮ ದೇಶದಲ್ಲಿ ದುಡ್ಡು ಕೊಟ್ಟು ನಾಶ ಮಾಡಬೇಕಿದ್ದ ಸರಕಿನ ಖರ್ಚು ಯುದ್ಧದ ಗಾಯ ಹೊತ್ತವರ ತಲೆಗೆ ಬಿತ್ತು.

4/5
ಸುಟ್ಟು ಬಿಡಬಹುದಿತ್ತಲ್ಲ ಅಂತೀರಾ? ಕಡಿಮೆ ಶಾಖದಲ್ಲಿ, ಬಯಲಲ್ಲಿ ಸುಟ್ಟರೆ ವಿಷಾನಿಲ. ಚರಂಡಿಗೆ ಸುರಿದರೆ ನೀರಿಗೆ ಕುತ್ತು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ದಾನಕ್ಕೆ ನಿಯಮ ತಂತು: ಔಷಧಿ ತಲುಪುವಾಗ ಕನಿಷ್ಠ 1 ವರ್ಷ ಅವಧಿ ಬಾಕಿ ಇರಬೇಕು, ರೋಗಿಗಳು ವಾಪಸ್ ಕೊಟ್ಟ ಮಾತ್ರೆ ಕಳಿಸಬಾರದು. 1999ರಲ್ಲಿ ವಿಲೇವಾರಿಗೂ ಮಾರ್ಗಸೂಚಿ ಬಂತು. ಅದರಲ್ಲಿ ಒಂದು ದಾರಿ: ಡ್ರಮ್‌ನಲ್ಲಿ ಮುಕ್ಕಾಲು ಭಾಗ ಮಾತ್ರೆ ತುಂಬಿ, ಮೇಲೆ ಸಿಮೆಂಟ್, ಸುಣ್ಣ, ನೀರಿನ ಮಿಶ್ರಣ ಸುರಿದು, ಮುಚ್ಚಿ ಹೂಳೋದು. ಔಷಧಿಗೂ ಸಮಾಧಿ!

5/5
ಈಗ ನಿಮ್ಮ ಸರದಿ. ನೆರೆ ಪರಿಹಾರಕ್ಕೆ ಅಂತ ಕಾಲೇಜಲ್ಲಿ ಡಬ್ಬ ಇಟ್ಟಾಗ ಮನೇಲಿ ಉಳಿದ ಅರ್ಧ ಸ್ಟ್ರಿಪ್ ಹಾಕಬೇಡಿ. ಏನು ಬೇಕು ಅಂತ ಅಲ್ಲಿನ ಡಾಕ್ಟರ್ ಹೇಳಲಿ, ಇಲ್ಲಾಂದ್ರೆ ದುಡ್ಡೇ ಕೊಡಿ. ಅವಧಿ ಮುಗಿದದ್ದನ್ನ ವಾಪಸ್ ತಗೋತೀರಾ ಅಂತ ಮೆಡಿಕಲ್ ಶಾಪಲ್ಲಿ ಕೇಳಿ. ಪಕ್ಕದ ಕೇರಳ ಮನೆಗಳಿಂದಲೇ ಹಳೆ ಔಷಧಿ ಸಂಗ್ರಹಿಸೋ ಯೋಜನೆ ಶುರು ಮಾಡಿದೆ. ನಮ್ಮಲ್ಲೂ ಬರಬೇಕು ಅಂದ್ರೆ ಮೊದಲು ಕೇಳೋರು ಬೇಕಲ್ವಾ?

ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೂ ಹಾಕಿ.
#ಇತಿಹಾಸ #ಹಳೆಮಾತ್ರೆ #ಕನ್ನಡ