ನಮ್ಮ ಕಡೆಯ ಫುಟಬಾಲ್ ಮತ್ತು ಈ ವರ್ಷದ ಕಾಲೇಜು ತಂಡ

ಮಳಿಗಾಲ ಮುಗಿಯೂ ಹೊತ್ತಿಗೆ ನಮ್ಮ ಗಡಹಿಂಗ್ಲಜ ಕಡೆ ಚಹಾದ ಅಂಗಡಿಯೊಳಗ ಎರಡು ಮಾತು ನಡೀತಾವ. ಒಂದು, ಈ ವರ್ಷ ಕಾರಖಾನಿಯವರು ಕಬ್ಬಿಗೆ ಎಷ್ಟು ದರ ಕೊಡತಾರ ಅನ್ನೂದು. ಎರಡನೇದ್ದು, ಈ ವರ್ಷ ನಮ್ಮ ಹುಡುಗರ ಫುಟಬಾಲ್ ತಂಡ ಹ್ಯಾಂಗೈತಿ ಅನ್ನೂದು. ದೇಶಕ್ಕೆಲ್ಲ ಕ್ರಿಕೆಟ್ಟಿನ ಹುಚ್ಚು ಹಿಡಿದಾಗ ಕೊಲ್ಹಾಪುರ, ಗಡಹಿಂಗ್ಲಜ ಮಾತ್ರ ಕಾಲಚೆಂಡಿನ ಹಿಂದ ಓಡಿದವು. ಯಾಕ ಹಿಂಗಾತು ಅಂತ ಬರೀಬೇಕಂತ ಭಾಳ ದಿನದಿಂದ ಮನಸಿನಾಗ ಇತ್ತು. ನಾನು ಏಳನೇತ್ತೆ ಕಲಿತ ರೈತ, ರಾತ್ರಿ ಹಾಡಿಕಿ ಮಾಡಾಂವ. ತಿಳಿದಷ್ಟು ಬರದೇನಿ.

ಕೊಲ್ಹಾಪುರ ಮೊದಲಿಗೆ ಕುಸ್ತಿ ಊರು. ರಾಜರ್ಷಿ ಶಾಹೂ ಮಹಾರಾಜರು 1894ರಿಂದ 1922ರ ತನಕ ರಾಜ್ಯ ಆಳಿದರು. ಅವರ ಕಾಲಕ್ಕೆ, 1912ರಲ್ಲಿ, ಖಾಸಬಾಗ ಕುಸ್ತಿ ಮೈದಾನ ಕಟ್ಟಿದರು. ಪೇಟಿ ಪೇಟಿಗೊಂದು ತಾಲೀಮು ಇತ್ತು. ತಾಲೀಮು ಅಂದ್ರ ನಮ್ಮ ಗರಡಿಮನಿ. ಕೆಂಪು ಮಣ್ಣು, ಹನಮಪ್ಪನ ಪಟ, ಬೆಳಗಾಗೂದ್ರಾಗ ಸಾಮು ಮಾಡೂ ಹುಡುಗರು. ಮುಂದ ಇದೇ ತಾಲೀಮುಗಳು ಫುಟಬಾಲ್ ತಂಡ ಕಟ್ಟಿದವು. ಪಾಟಾಕಡೀಲ ತಾಲೀಮ, ಬಾಲಗೋಪಾಲ ತಾಲೀಮ, ದಿಲಬಹಾರ ತಾಲೀಮ, ಖಂಡೋಬಾ ತಾಲೀಮ ಅನ್ನೂ ಹೆಸರು ಇವತ್ತಿಗೂ ಶಾಹೂ ಸ್ಟೇಡಿಯಂದಾಗ ಕೇಳತಾವ. ಹೆಸರು ಗರಡೀದು, ಆಟ ಚೆಂಡಿಂದು. ಹಿಂಗಾಗಿ ಅಲ್ಲಿ ತಂಡ ಸೋತರ ಹನ್ನೊಂದು ಮಂದಿ ಅಷ್ಟ ಸೋಲೂದಿಲ್ಲ, ಇಡೀ ಪೇಟಿ ಅವತ್ತು ರಾತ್ರಿ ಸುಮ್ಮನಾಗತೈತಿ.

ಹಳ್ಳಿಗೆ ಈ ಆಟ ಬರಲಿಕ್ಕೆ ಶಾಲೀನೂ ಕಾರಣ ಅಂತ ನನ್ನ ತಿಳುವಳಿಕಿ. ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೌಕರಿಯೊಳಗ ನೂರಕ್ಕೆ 50 ಜಾಗಾ ಇಟ್ಟರು. ಜಾತಿ ಜಾತಿಯ ಹುಡುಗರಿಗೆ ಬೋರ್ಡಿಂಗ್ ತೆಗೆಸಿದರು. ಒಕ್ಕಲಿಗರ ಮಕ್ಕಳು ಬುತ್ತಿ ಗಂಟು ಕಟಗೊಂಡು ಕೊಲ್ಹಾಪುರಕ್ಕ ಹೋದರು. ಓದಿ ಬರೂವಾಗ ಆಟಾನೂ ಕಲತು ಬಂದಿರಬೇಕು. ಮುಂದ 1962ರಲ್ಲಿ ಶಿವಾಜಿ ವಿದ್ಯಾಪೀಠ ಆತು. ಕೊಲ್ಹಾಪುರ, ಸಾಂಗಲಿ, ಸಾತಾರಾ ಮೂರೂ ಜಿಲ್ಲಾದ ಕಾಲೇಜುಗಳು ಅದರ ಕೆಳಗ ಬಂದವು. ಮೊದಲ ತಮ್ಮ ತಮ್ಮ ವಿಭಾಗದಾಗ ಆಡಬೇಕು, ಗೆದ್ದವರು ಮುಂದಿನ ಪಂದ್ಯಕ್ಕ ಹೋಗಬೇಕು, ಅಲ್ಲಿ ಛಲೋ ಆಡಿದವರನ್ನ ಆರಿಸಿ ವಿದ್ಯಾಪೀಠದ ತಂಡ ಮಾಡತಾರ. ಹಳ್ಳಿ ಹುಡುಗಗ ಹೊರಗಿನ ರಾಜ್ಯ ನೋಡಲಿಕ್ಕೆ ಅದೊಂದು ಬಾಗಲಾ ತೆರೀತು.

ನಮ್ಮ ಸಣ್ಣಂದಿನಾಗ ಚೆಂಡು ಚರ್ಮದ್ದು. ಒಳಗ ರಬ್ಬರಿನ ಬ್ಲಾಡರ್, ಮ್ಯಾಲೆ ಬಾಯಿಗೆ ಚರ್ಮದ ದಾರಾ. ಸೈಕಲ್ ಅಂಗಡಿಯೊಳಗ ಗಾಳಿ ಹೊಡಿಸಿಕೊಂಡು ಬರತಿದ್ವಿ. ಮಳ್ಯಾಗ ತೊಯ್ದರ ಕಲ್ಲಿನಂಗ ಭಾರ ಆಗತಿತ್ತು. ತಲಿ ಕೊಟ್ಟರ ದಾರದ ಗಂಟು ಬಡದು ಹಣಿ ಒಡೀತಿತ್ತು. ಬೂಟು ಯಾರಿಗೂ ಇರಲಿಲ್ಲ. 1911ರಲ್ಲಿ ಕಲಕತ್ತಾದ ಮೋಹನ ಬಾಗಾನ ತಂಡದವರು ಹೆಚ್ಚಿನವರು ಬರಿಗಾಲಿಲೆ ಆಡಿ ಗೋರ್‍ಯಾರ ಪಲಟಣಿ ತಂಡವನ್ನ 2–1ರಿಂದ ಸೋಲಿಸಿದ್ದರು. ಆ ಸುದ್ದಿ ನಮ್ಮ ಮಾಸ್ತರು ಹೇಳಿದ ದಿನದಿಂದ ಬೂಟಿಲ್ಲಂತ ನಾವು ನಾಚಿಕೊಳ್ಳೂದು ಬಿಟ್ವಿ.

ಈಗ ನನ್ನ ತಮ್ಮನ ಮಾತು ಹೇಳಬೇಕು. ಅದನ್ನ ಹೇಳದ ಈ ಲೇಖನ ಪೂರಾ ಆಗೂದಿಲ್ಲ. ಅಂವ ನನಗಿಂತ ನಾಕು ವರ್ಷ ಸಣ್ಣಾಂವ. ನಾನು ಶಾಲಿ ಬಿಟ್ಟು ಹೊಲ ಹಿಡದೆ, ಅಂವ ಕಾಲೇಜು ಸೇರಿದ. ಎಡಗಾಲಿನ ಆಟಗಾರ. ಎರಡನೇ ವರ್ಷದಾಗ ಎಲ್ಲಾರೂ, ಈ ಸಲ ಇವನ ಹೆಸರು ವಿದ್ಯಾಪೀಠದ ತಂಡಕ್ಕ ಬರತೈತಿ ಅಂತಿದ್ದರು. ಪಂದ್ಯ ಚಾಲೂ ಆಗೂದಕ್ಕ ಮೊದಲ ಒಂದೂವರಿ ತಿಂಗಳು ಮುಂಜಾನೆ ಓಟ, ಸಾಮು ಇರತಿತ್ತು. ಆ ವರ್ಷ ಮಳಿ ಲಗೂ ಬಿಡತು, ಶೇಂಗಾ ಕೀಳೂದು, ಜೋಳಾ ಬಿತ್ತೂದು ಎರಡೂ ಒಮ್ಮಿಗೆ ಬಂತು. ಆಳು ಸಿಗಲಿಲ್ಲ. ನಾನು ಅವಗ, "ಓಡೂದು ಏನು ಕಲೀತಿಯೋ ತಮ್ಮಾ, ಹೊಲದಾಗ ಬಾಗಿದರ ಅದ ಸಾಮು" ಅಂದೆ. "ಹೂಂ ಅಣ್ಣಾ" ಅಂದ. ಎದುರು ಮಾತಾಡಲಿಲ್ಲ. ಸೀದಾ ಪಂದ್ಯಕ್ಕ ಹೋದ. ಮೊದಲನೇ ಆಟದಾಗ ಚೆಂಡು ತಗೊಂಡು ತಿರಗೂವಾಗ ಮೊಣಕಾಲು ಹೊಳ್ಳಿತು. ಯಾರೂ ಮುಟ್ಟಿರಲಿಲ್ಲ. ಅಷ್ಟಕ್ಕ ಅವನ ಆಟ ಮುಗೀತು. ಈಗೂ ದಿಬ್ಬಾ ಏರೂವಾಗ ಗ್ವಾಡಿ ಹಿಡೀತಾನ.

ಸಾಮು ಮಾಡಿದ್ದರ ಉಳೀತಿತ್ತೋ ಇಲ್ಲೋ ದೇವರ ಬಲ್ಲ. ಆದರ ಹೊಲದ ದುಡಿತ ಬ್ಯಾರೆ, ಆಟದ ಸಾಮು ಬ್ಯಾರೆ ಅಂತ ಮುಂದ ಕಲಿಸಾವರು ನನಗ ತಿಳಿಸಿ ಹೇಳಿದರು. ಹೊಲದಾಗ ಟೊಂಕಕ್ಕ, ರಟ್ಟಿಗೆ ಬಲಾ ಬರತೈತಿ. ಓಡತಾ ಗಕ್ಕನ ನಿಲ್ಲೂದು, ಗಕ್ಕನ ಹೊರಳೂದು ಹೊಲ ಕಲಸೂದಿಲ್ಲ. ಹಾಡಿಕ್ಯಾಂವ ಆದ ನನಗ ಇದು ಮೊದಲ ತಿಳೀಬೇಕಿತ್ತು. ಜಾತ್ರಿಗೆ ತಿಂಗಳು ಮೊದಲ ನಾವು ಕಂಠ ಸಾಪ ಮಾಡಿಕೊಳ್ಳತೇವಿ. ಸಾಧನಾ ಇಲ್ಲದ ಏಕದಂ ಮ್ಯಾಲಿನ ಸ್ವರ ಎತ್ತಿದರ ಗಂಟಲು ಒಡೀತೈತಿ. ಕಾಲಿಗೂ ಅದ ನ್ಯಾಯ.

ಇನ್ನ ಈ ವರ್ಷದ ತಂಡ. ನನ್ನ ಮೊಮ್ಮಗ ಈಗ ಕಾಲೇಜಿನ ಎರಡನೇ ವರ್ಷದಾಗ ಅದಾನ, ಹಾಫ್ ಆಡತಾನ. ಹ್ವಾದ ವರ್ಷದ ಗೋಲಕೀಪರ್ ಮತ್ತು ಇಬ್ಬರು ಬ್ಯಾಕ್ ಪದವಿ ಮುಗಿಸಿ ಹೋದರು. ಹಿಂದಿನ ಗ್ವಾಡಿ ಬಿದ್ದಂಗಾಗೇತಿ. ಹೊಸಾ ಗೋಲಕೀಪರ್ ಎತ್ತರ ಅದಾನ, ಆದರ ಮುಂದ ಬಂದು ಚೆಂಡು ಹಿಡೀಲಿಕ್ಕೆ ಅಂಜತಾನ. ಮುಂದಿನ ಮೂವರೂ ಚುರುಕ. ಚಹಾದಂಗಡಿಯವರು ಗೋಲು ಹೊಡಿಯಾವರನ್ನ ಎಣಿಸಿ ಈ ವರ್ಷ ನಮ್ಮದ ಅಂತಾರ. ನನಗ ಹಂಗ ಅನಸೂದಿಲ್ಲ. ಮುಂದಿನಾಂವ ಎಷ್ಟ ಛಲೋ ಹಾಡಲಿ, ಹಿಮ್ಮ್ಯಾಳ ತಪ್ಪಿದರ ಹಾಡು ಕೆಡತೈತಿ. ಮೊದಲ ಎರಡು ಆಟ ಗೋಲು ಬಿಡದ ನಿಂತರ ವಿಭಾಗ ದಾಟತಾರ, ಇಲ್ಲಾಂದ್ರ ದೀಪಾವಳಿಗೆ ಮನ್ಯಾಗ ಇರತಾರ. ಇದು ನನ್ನ ಲೆಕ್ಕ.

ದೀಪಾವಳಿ ಹೊತ್ತಿನಾಗ ಎಂ. ಆರ್. ಹೈಸ್ಕೂಲ್ ಮೈದಾನದಾಗ ಹೊರಗಿನ ರಾಜ್ಯದ ತಂಡಗಳು ಬಂದು ಆಡತಾವ. ಅವರ ಆಟ ನೋಡಿ ನಮ್ಮ ಹುಡುಗರು ಕಲೀತಾರ. 2017ರಲ್ಲಿ ಭಾರತದಾಗ 17 ವರ್ಷದ ಒಳಗಿನವರ ವಿಶ್ವಕಪ್ ಆತಲ್ಲ, ಆಗ ನಮ್ಮ ದೇಶದ ತಂಡದಾಗ ಕೊಲ್ಹಾಪುರದ ಅನಿಕೇತ ಜಾಧವ ಆಡಿದ. ನಮ್ಮ ಊರ ಟಿವಿ ಮುಂದ ಅವತ್ತು ಮುದುಕರೂ ಕುಂತಿದ್ದರು. ನನ್ನ ತಮ್ಮನೂ ಕುಂತಿದ್ದ. ಒಂದ ಮಾತು ಆಡಲಿಲ್ಲ, ಪೂರಾ ಆಟ ನೋಡಿ ಎದ್ದು ಹೋದ.

ಈ ಸಲಾನೂ ಶೇಂಗಾ ಕೀಳೂ ಹೊತ್ತಿಗೇ ಸಾಮು ಬಂದೈತಿ. ಮೊಮ್ಮಗ, "ಅಜ್ಜಾ, ಒಂದ ವಾರ ಬಿಡತೇನಿ, ಹೊಲಕ್ಕ ಬರತೇನಿ" ಅಂದ. ಬ್ಯಾಡ ಅಂದೆ. ನಸಿಕಿನ ಐದಕ್ಕ ಅಂವ ಮೈದಾನಕ್ಕ ಹೋಗತಾನ, ಎಮ್ಮಿ ನಾನು ಹಿಂಡತೇನಿ. ಅವನ ಜೋಡಿ ಕೈಯಾಗ ಬಡಿಗಿ ಹಿಡಕೊಂಡು ನನ್ನ ತಮ್ಮ ಹೋಗತಾನ. ಮೈ ಕಾಯೂತನಕ ಹುಡುಗರು ಚೆಂಡು ಮುಟ್ಟಬಾರದು ಅಂತ ಅವನದು ಕಟ್ಟಪ್ಪಣಿ. ತಂಡ ಗೆಲ್ಲತೈತೋ ಸೋಲತೈತೋ, ಎಲ್ಲಾರೂ ಎರಡೂ ಕಾಲಿಲೆ ನಡಕೋತ ಮನಿಗೆ ಬಂದರ ನಮಗ ಸಾಕು.