ಚುಕ್ಕೆ ಗೆರೆಗಳ ಪರೀಕ್ಷೆ

ತಮ್ಮ ಕಾಲದ ಪರೀಕ್ಷೆ ಕಬ್ಬಿಣದ ಕಡಲೆ, ಈಗಿನದು ಸುಲಿದ ಬಾಳೆಹಣ್ಣು ಎನ್ನದ ಹಿರಿಯರು ಯಾವ ವಿದ್ಯೆಯಲ್ಲಿಯೂ ಇಲ್ಲ. ಮನೆಯಿಂದಲೇ ರೇಡಿಯೋ ಸಂದೇಶ ಕಳಿಸಿ ಪಡೆಯುವ ಹವ್ಯಾಸಿಗಳಲ್ಲಿ, ಅಂದರೆ 'ಹ್ಯಾಮ್'ಗಳಲ್ಲಿಯೂ ಈ ಮಾತುಂಟು. ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ತಾರಸಿಯ ಮೇಲೆ ತಂತಿ ಕಟ್ಟಿ ಪರದೇಶದವರೊಡನೆ ಮಾತನಾಡಬೇಕೆನ್ನುವವರು ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸು ಪಡೆಯಬೇಕು. ಆ ಪರೀಕ್ಷೆ ನಿಜವಾಗಿ ಸುಲಭವಾಯಿತೆ?

1978ರ ನಿಯಮಗಳಲ್ಲಿ ಲೈಸೆನ್ಸಿಗೆ ಹಲವು ಮೆಟ್ಟಿಲುಗಳಿದ್ದವು. ಎರಡನೆಯ ದರ್ಜೆಯವರು ನಿಮಿಷಕ್ಕೆ 5 ಪದದಂತೆ ಮೋರ್ಸ್ ಸಂಕೇತವನ್ನು ಕಳಿಸಬೇಕಿತ್ತು, ಕೇಳಿ ಬರೆದುಕೊಳ್ಳಬೇಕಿತ್ತು. ಮೊದಲನೆಯ ದರ್ಜೆಗೂ ಅದರ ಮೇಲಿನದಕ್ಕೂ 12 ಪದ. ಐದು ಅಕ್ಷರಕ್ಕೆ ಒಂದು ಪದವೆಂದು ಲೆಕ್ಕ. ಅಕ್ಷರಗಳೋ ರೋಮನ್ ಲಿಪಿಯವು. ಅಂತರರಾಷ್ಟ್ರೀಯ ಮೋರ್ಸಿನಲ್ಲಿ ನಮ್ಮ ಕಾಗುಣಿತಕ್ಕೆ ಎಡೆಯಿಲ್ಲ. ವಿದ್ಯುತ್ತು, ರೇಡಿಯೋ ತತ್ತ್ವ, ನಿಯಮಾವಳಿ ಇವುಗಳನ್ನು ಓದಿ ಬರೆಯಬಹುದು. ಮೋರ್ಸ್ ಹಾಗಲ್ಲ, ಸಂಗೀತದವರಿಗೆ ತಾಳ ಕೂರುವಂತೆ ಅದು ಕಿವಿಯಲ್ಲಿ ಕೂರಬೇಕು. ಅದಕ್ಕೆ ದಿನದಿನವೂ ಸಾಧಕ ಬೇಕು.

ಇಷ್ಟು ಬಿಗಿಗೆ ಕಾರಣವಿಲ್ಲದಿರಲಿಲ್ಲ. ಹಡಗುಗಳು ಸಂಕಟದಲ್ಲಿ ಕೂಗುತ್ತಿದ್ದುದು ಮೋರ್ಸಿನಲ್ಲಿ. ಕೂಗು ಕೇಳಿದವನಿಗೆ ಅದು ಅರ್ಥವಾಗಬೇಕಷ್ಟೆ. 1999ರ ವೇಳೆಗೆ ಹಡಗುಗಳಿಗೆ ಉಪಗ್ರಹಗಳ ಹೊಸ ವ್ಯವಸ್ಥೆ ಬಂದಿತು. 2003ರಲ್ಲಿ ಜಿನೀವಾದ ವಿಶ್ವ ಸಮ್ಮೇಳನವು ಮೋರ್ಸ್ ಪರೀಕ್ಷೆ ಬೇಕೆ ಬೇಡವೆ ಎಂಬುದನ್ನು ಆಯಾ ದೇಶಕ್ಕೇ ಬಿಟ್ಟಿತು. ಬ್ರಿಟನ್ ಅದೇ ವರ್ಷ ಕೈಬಿಟ್ಟಿತು, ಅಮೆರಿಕ 2007ರಲ್ಲಿ.

ನಮ್ಮವರು ನಡುದಾರಿ ಹಿಡಿದರು. 2009ರ ತಿದ್ದುಪಡಿಯಲ್ಲಿ ದರ್ಜೆಗಳು ಎರಡಕ್ಕೆ ಇಳಿದವು: ಮೋರ್ಸ್ ಬೇಡದ 'ನಿರ್ಬಂಧಿತ', ನಿಮಿಷಕ್ಕೆ 8 ಪದದ 'ಸಾಮಾನ್ಯ'. ಇಲ್ಲಿಯೇ ಹಿರಿಯರ ಮಾತು ತಡವರಿಸುತ್ತದೆ. 12 ಪದಕ್ಕೆ ಸಿದ್ಧನಾಗಬೇಕಿದ್ದವನಿಗೆ 8 ಇಳಿಜಾರು. 5 ಪದದಿಂದ ಆರಂಭಿಸಬಹುದಾಗಿದ್ದವನಿಗೆ ಅದೇ 8 ಏರು. ಬಾಗಿಲೇನೋ ಅಗಲವಾಯಿತು, ಒಳಗಿನ ನಡುಮೆಟ್ಟಿಲು ಹೋಯಿತು. ಅದಾದ ನಾಲ್ಕೇ ವರ್ಷಕ್ಕೆ, 2013ರ ಜುಲೈಯಲ್ಲಿ, ದೇಶದ ತಂತಿ ಸೇವೆಯೇ ನಿಂತಿತು.

ಹಾಗಾದರೆ ಪರೀಕ್ಷೆ ಅಳೆಯಬೇಕಾದದ್ದು ಯಾವುದು? 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಹ್ಯಾಮ್‌ಗಳು ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಬೇಕಾದದ್ದು ಯಂತ್ರದ ಪರಿಚಯ, ಹೆಸರು-ವಿಳಾಸಗಳನ್ನು ತಪ್ಪಿಲ್ಲದೆ ಬರೆದುಕೊಳ್ಳುವ ತಾಳ್ಮೆ, ತನ್ನ ಸರದಿ ಬರುವವರೆಗೆ ಸುಮ್ಮನಿರುವ ಶಿಸ್ತು. ಮೋರ್ಸ್ ಕಲಿತವರಿಗೆ ಕಲಿಕೆಯ ಜೊತೆಯಲ್ಲಿಯೇ ಇವು ಒದಗುತ್ತಿದ್ದವು. ಅದನ್ನು ಕಲಿಯದೆ ಒಳಬಂದವರನ್ನು ಹಿರಿಯರು ಹಗುರವಾಗಿ ಕಾಣುವುದು ಸಲ್ಲದು. ಪರೀಕ್ಷೆ ಬಿಟ್ಟುಕೊಟ್ಟ ಆ ಶಿಸ್ತನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಕೆಲಸ ಈಗ ಅವರದೇ.